ಲಾಂಚ್ ಎಷ್ಟೊತ್ತಿಗೆ?

ಸೇತುವೆಯ ನಡುವೆ ಬಂದಾಗ ಅಪ್ಪ ಮೂರನೇ ಸಲ ಕೇಳಿದ, "ಲಾಂಚ್ ಎಷ್ಟೊತ್ತಿಗೆ?"

"ಲಾಂಚ್ ಬೇಡ ಅಪ್ಪ, ಸೇತುವೆ ಆಗಿದೆ. ಅದರ ಮೇಲೇ ಇದ್ದೀವಿ."

"ಹೌದಾ? ಒಳ್ಳೇದಾಯ್ತು ಬಿಡು."

ಅರ್ಧ ನಿಮಿಷ ಆಗಿರಲಿಲ್ಲ. ಮತ್ತೆ ಅದೇ ಪ್ರಶ್ನೆ.

ಶರಾವತಿ ಹಿನ್ನೀರಿನ ಈ ಸೇತುವೆ 2025ರ ಜುಲೈನಲ್ಲಿ ಶುರುವಾಯಿತು. ಉದ್ದ 2.44 ಕಿಲೋಮೀಟರ್. ಅಲ್ಲಿವರೆಗೆ ಸಾಗರದಿಂದ ತುಮರಿ ಕಡೆ ಹೋಗುವವರಿಗೆ ಹೊಳೆಬಾಗಿಲಿನ ಲಾಂಚೇ ಗತಿ, ಇಲ್ಲಾಂದ್ರೆ ದೂರದ ಸುತ್ತು. ಬಸ್ಸೂ ಲಾಂಚ್ ಹತ್ತಿಯೇ ದಾಟುತ್ತಿತ್ತು. ಊರಿನವರಿಗೆ ಈಗ ದೊಡ್ಡ ಅನುಕೂಲ, ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಈ ಸೇತುವೆ ಅಷ್ಟು ಹಿಡಿಸಲಿಲ್ಲ. ದಾಟಿದ್ದೇ ಗೊತ್ತಾಗಲ್ಲ.

ಅಪ್ಪನಿಗೆ 81. ಅಲ್ಜೈಮರ್ಸ್ ಅಂತ ಗೊತ್ತಾಗಿ ಮೂರು ವರ್ಷ. ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಅನ್ನೋ ಭಾಗ ಮೊದಲು ಹಾಳಾಗುತ್ತೆ, ಹಳೇದು ಜಾಸ್ತಿ ದಿನ ಉಳಿಯುತ್ತೆ ಅಂದಿದ್ದರು ಡಾಕ್ಟರು. ಹಳೇದು ಉಳಿದಿರುವಾಗಲೇ ಒಂದ್ಸಲ ಊರ ಕಡೆ ಕರ್ಕೊಂಡು ಹೋಗೋಣ ಅಂತ ಹೊರಟಿದ್ದೆ.

ಮೊದಲ ರಾತ್ರಿಯ ಲಾಡ್ಜಿನ ಕಥೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. ಇಂಥವರು ಹೊಸ ಜಾಗದಲ್ಲಿ, ಅದೂ ಕತ್ತಲಾದ ಮೇಲೆ, ಜಾಸ್ತಿ ಗಲಿಬಿಲಿಗೊಳ್ಳುತ್ತಾರೆ. ಕೌಂಟರಿನ ಹುಡುಗನಿಗೆ ಹೇಳಿದ್ದೆ, ಗೇಟು ಹಾಕಿಡಪ್ಪ ಅಂತ. ತಲೆಯಾಡಿಸಿದ್ದ. ರಾತ್ರಿ ಎರಡು ಗಂಟೆಗೆ ಎದ್ದರೆ ಪಕ್ಕದ ಹಾಸಿಗೆ ಖಾಲಿ. ಬಚ್ಚಲು ಹುಡುಕಲು ಹೋದ ಅಪ್ಪ ರಸ್ತೆಯಲ್ಲಿ ಬರಿಗಾಲಲ್ಲಿ ನಿಂತಿದ್ದ. ಗೇಟು ಹಾರು ಹೊಡೆದಿತ್ತು. ಹುಡುಗ ನಿದ್ದೆಯಲ್ಲಿದ್ದ. ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತೆ. ನೀವು ಹೋಗುವುದಾದರೆ ಯಾರನ್ನೂ ನಂಬಬೇಡಿ. ಬಚ್ಚಲಿನ ದೀಪ ಆರಿಸಬೇಡಿ, ರೂಮಿನ ಬಾಗಿಲಿಗೆ ಕುರ್ಚಿ ಅಡ್ಡ ಇಡಿ, ಅವರ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ.

ತುಮರಿಯಲ್ಲಿ ಅತ್ತೆಯ ಮನೆಯಲ್ಲಿ ಎರಡು ದಿನ ಇದ್ದೆವು. ವಿಶೇಷ ಏನೂ ಇಲ್ಲ.

ವಾಪಸು ಬರುವಾಗ ಅಪ್ಪ ಲಾಂಚಿಗೇ ಹೋಗೋಣ ಅಂತ ಹಟ ಹಿಡಿದ. ಸರಿ, ಸೇತುವೆ ಬಿಟ್ಟು ಹಳೇ ಲಾಂಚ್ ಕಟ್ಟೆಯ ಕಡೆ ಕಾರು ಇಳಿಸಿದೆ. ನೀರಿನ ಹತ್ತಿರ ಕೂತೆವು. ಅಪ್ಪ ಕೋಲು ಎತ್ತಿ ದೂರಕ್ಕೆ ತೋರಿಸಿದ.

"ಆ ಕಡೆಗೆ ಮಡೆನೂರು ಡ್ಯಾಂ. ಗೇಟಿಲ್ಲ ಮಾರಾಯ ಅದಕ್ಕೆ. ನೀರು ಮಟ್ಟ ಮುಟ್ಟಿದ ಕೂಡ್ಲೇ ಸೈಫನ್ನು ತಾನಾಗೇ ಎಳ್ಕೊಂಡು ಆಚೆ ಬಿಡ್ತದೆ. ಆ ಸದ್ದು ಕೇಳಬೇಕು ನೀನು."

ಕಾಣುತ್ತಿದ್ದುದು ಬರೀ ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಆ ಹಳೇ ಡ್ಯಾಂ ಮುಳುಗಿತು. ನಮ್ಮೂರೂ ಹೋಯಿತು. ಡ್ಯಾಂ ಆದರೂ ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ತಲೆ ಎತ್ತುತ್ತೆ. ನಾವು ಹೋಗಿದ್ದು ಡಿಸೆಂಬರ್‌ನಲ್ಲಿ. ಬೆಳಗ್ಗೆ ಮಾತ್ರೆ ನುಂಗಿದ್ದು ನೆನಪಿಲ್ಲದ ಮನುಷ್ಯ ಸೈಫನ್ನಿನ ಬಾಯಿ ಎಷ್ಟು ಅಗಲ ಅಂತ ಎರಡೂ ಕೈ ಚಾಚಿ ತೋರಿಸುತ್ತಿದ್ದ.

ಆಮೇಲೆ ನನ್ನ ಮುಖವನ್ನೇ ನೋಡಿದ.

"ನೀ ಯಾರ ಮನೆಯವ?"

ಏನು ಹೇಳಬೇಕೋ ತಿಳಿಯಲಿಲ್ಲ. "ನಿನ್ನ ಮನೆಯವನೇ ಅಪ್ಪ" ಅಂದೆ.

"ನಮ್ಮನೇಲಿ ಇಷ್ಟು ತಲೆ ಬೆಳ್ಳಗಾದವರು ಯಾರೂ ಇಲ್ವಲ್ಲ!"

ನಗು ಬಂತು. ನನಗೂ 54 ಆಯ್ತಲ್ಲ. ಇಪ್ಪತ್ತರ ಹುಡುಗನ ಪಕ್ಕ ಕೂತ ಮುದುಕ ನಾನೇ.

ಹೊತ್ತು ಮುಳುಗುವವರೆಗೆ ಕಾದೆವು. ಏಳುವಾಗ ಕಾರಿನ ಕೀ ಸಿಗಲಿಲ್ಲ. ಪ್ಯಾಂಟಿನ ಜೇಬು, ಶರ್ಟಿನ ಜೇಬು, ಕೂತ ಜಾಗ, ಎಲ್ಲಾ ತಡಕಿದೆ.

"ಕಾರಲ್ಲೇ ಬಿಟ್ಟಿದ್ಯಲ್ಲ" ಅಂತ ಅಪ್ಪ ತನ್ನ ಜೇಬಿನಿಂದ ಕೀ ತೆಗೆದು ಕೊಟ್ಟ. ಜೊತೆಗೆ ಚೀಟಿಯೂ ಬಂತು. ಕಣ್ಣಿನ ಹತ್ತಿರ ಹಿಡಿದು ಓದಿದ.

"ಇದು ಯಾರ ನಂಬರು?"