ಸೂಜಿ ಸರಿಯಾಗಿ ಹೋಗಿತ್ತು, ಬಾಟಲಿ ತಪ್ಪಿತ್ತು

ರೇಡಿಯಾಲಜಿಸ್ಟ್ ಆಗಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಬೆನ್ನುಮೂಳೆಯ ಬಯಾಪ್ಸಿ (ಪರೀಕ್ಷೆಗೆಂದು ಸೂಜಿಯಿಂದ ತುಣುಕು ತೆಗೆಯುವುದು) ಎಂದರೆ ನನ್ನ ಗಮನವೆಲ್ಲ ಸೂಜಿಯ ದಾರಿಯ ಮೇಲೆಯೇ ಇರುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಎದೆಮಟ್ಟದ ಮಣಿಗಳಲ್ಲಿ ಪೆಡಿಕಲ್ ಎಂಬ ಮೂಳೆಯ ಸೇತುವೆ ಬಹಳ ಕಿರಿದು. ಅದರ ಒಳಮಗ್ಗುಲಲ್ಲಿ ಬೆನ್ನುಹುರಿ ಇದ್ದರೆ ಹೊರಗೆ ಸ್ವಲ್ಪದರಲ್ಲೇ ಶ್ವಾಸಕೋಶವಿರುತ್ತದೆ. ರೋಗಿಯನ್ನು ಬೋರಲು ಮಲಗಿಸಿ, ಮೂಳೆಯ ಹೊರಪೊರೆಯವರೆಗೂ ಅರಿವಳಿಕೆ ಕೊಟ್ಟು, ಸೂಜಿಯನ್ನು ಸ್ವಲ್ಪ ಮುಂದೂಡಿ ಮತ್ತೆ ಸಿ.ಟಿ. ತೆಗೆದು, ಅದರ ತುದಿಯಿಂದ ಚಾಚುವ ಕಪ್ಪು ನೆರಳನ್ನು ನೋಡಿ ತುದಿ ಎಲ್ಲಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ಆ ದಿನ ಬಂದಿದ್ದ ಮಹಿಳೆಗೆ ಐವತ್ತು ದಾಟಿತ್ತು. ಅಕ್ಕಪಕ್ಕದ ಎರಡು ಮಣಿಗಳೂ ನಡುವಿನ ಡಿಸ್ಕೂ ಸವೆದಿದ್ದವು. ಕ್ಯಾನ್ಸರ್ ಸಾಮಾನ್ಯವಾಗಿ ಡಿಸ್ಕನ್ನು ಬಿಟ್ಟು ಮೂಳೆಯನ್ನು ತಿನ್ನುತ್ತದೆ. ಡಿಸ್ಕೇ ಹಾಳಾಗಿದ್ದರೆ ನಮ್ಮಲ್ಲಿ ಮೊದಲು ಕ್ಷಯವನ್ನು ನೆನೆಯಬೇಕು. ನನಗೆ ಅದು ಗೊತ್ತಿತ್ತು. ಸೂಜಿ ಮೊದಲ ಪ್ರಯತ್ನದಲ್ಲೇ ಗುರಿ ಮುಟ್ಟಿತು, ಒಳ್ಳೆಯ ತುಣುಕುಗಳು ಬಂದವು, ಸಿಸ್ಟರ್ ಹಿಡಿದಿದ್ದ, ತುಣುಕು ಕೆಡದಂತೆ ಕಾಪಾಡುವ ಫಾರ್ಮಾಲಿನ್ ದ್ರಾವಣದ ಬಾಟಲಿಗೆ ಅಷ್ಟನ್ನೂ ಹಾಕಿ ನಾನು ಕೈಗವಸು ಕಳಚಿದೆ. ಸ್ವಲ್ಪ ಹೆಮ್ಮೆಯೂ ಆಗಿತ್ತೆಂದು ಒಪ್ಪಿಕೊಳ್ಳಬೇಕು.

ಮೂಳೆಯನ್ನು ಮೆದುಗೊಳಿಸಿ ಪರೀಕ್ಷಿಸಬೇಕಾದ್ದರಿಂದ ಪೆಥಾಲಜಿ ವರದಿಗೆ ಕೆಲವು ದಿನ ಹಿಡಿಯಿತು. ಕ್ಷಯಕ್ಕೆ ಹೊಂದುವ ಗ್ರಾನುಲೋಮಾ (ಉರಿಯೂತದ ಜೀವಕೋಶಗಳ ಗಂಟು) ಇದೆ ಎಂದು ಅದರಲ್ಲಿತ್ತು. ಆದರೆ ಆಕೆ ಹಿಂದೊಮ್ಮೆ ಶ್ವಾಸಕೋಶದ ಕ್ಷಯಕ್ಕೆ ಔಷಧಿ ತೆಗೆದುಕೊಂಡಿದ್ದವರು. ರೋಗಾಣು ಈಗ ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗುತ್ತದೆಯೋ ಇಲ್ಲವೋ ಎಂಬುದು ತಿಳಿಯದೆ ಚಿಕಿತ್ಸೆ ಆರಂಭಿಸಲು ಮೂಳೆತಜ್ಞರು ಒಪ್ಪಲಿಲ್ಲ. ಫಾರ್ಮಾಲಿನ್ ರೋಗಾಣುವನ್ನು ಕೊಲ್ಲುತ್ತದೆ, ಹಾಗಾಗಿ ಆ ತುಣುಕುಗಳಿಂದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಅಸಾಧ್ಯ. ಕ್ಷಯದ ರೋಗಾಣುವಿನ ವಂಶವಾಹಿಯನ್ನೂ ರಿಫಾಂಪಿಸಿನ್ ನಿರೋಧವನ್ನೂ ಪತ್ತೆಹಚ್ಚುವ ಸಿಬಿನಾಟ್ ಯಂತ್ರಕ್ಕೂ ಅವನ್ನು ಕಳುಹಿಸುವಂತಿರಲಿಲ್ಲ. ಹಳೆಯ ಚಿಕಿತ್ಸೆಯ ವಿಷಯ ಕೋರಿಕೆಯ ಚೀಟಿಯ ಎರಡನೆಯ ಸಾಲಿನಲ್ಲೇ ಇತ್ತು. ನಾನು ಯಾವ ಮಣಿ ಎಂಬುದನ್ನಷ್ಟೇ ಓದಿಕೊಂಡಿದ್ದೆ.

ಎರಡನೆಯ ಸಲ ಅದೇ ಮೇಜಿನ ಮೇಲೆ ಬೋರಲು ಮಲಗುವಾಗ ಆಕೆ, "ಮೊನ್ನೆ ತೆಗೆದದ್ದು ಸಾಕಾಗಲಿಲ್ವಾ ಡಾಕ್ಟ್ರೇ?" ಎಂದು ಕೇಳಿದರು. ತುಣುಕನ್ನು ಹಾಕಬೇಕಾದ ಬಾಟಲಿಗೆ ಹಾಕದೇ ಇದ್ದದ್ದು ನನ್ನ ತಪ್ಪು ಎಂದು ಹೇಳಿದೆ. ಹಾಗೆ ಹೇಳುವುದು ಸೂಜಿ ಹಾಕುವುದಕ್ಕಿಂತ ಕಷ್ಟವಾಗಿತ್ತು. ಈ ಸಲದ ತುಣುಕನ್ನು ಪರೀಕ್ಷಿಸಿದ ಸಿಬಿನಾಟ್ ಯಂತ್ರವು ಎರಡು ಗಂಟೆಯೊಳಗೆ ಕ್ಷಯದ ರೋಗಾಣು ಇದೆಯೆಂದೂ ರಿಫಾಂಪಿಸಿನ್ ನಿರೋಧ ಕಾಣಲಿಲ್ಲವೆಂದೂ ತಿಳಿಸಿತು.

ಈಗ ಚರ್ಮ ಶುಚಿಗೊಳಿಸುವ ಮೊದಲೇ ಬಾಟಲಿಗಳ ಮೇಲೆ ಹೆಸರು ಬರೆಸುತ್ತೇನೆ. ಮೊದಲ ತುಣುಕು ಕ್ರಿಮಿರಹಿತ ಸಲೈನ್ ಇರುವ ಬಾಟಲಿಗೆ, ರೋಗಾಣುಗಳನ್ನು ಪರೀಕ್ಷಿಸುವ ಮೈಕ್ರೋಬಯಾಲಜಿಗೆಂದೇ ಹೋಗುತ್ತದೆ. ಸೂಜಿಯಲ್ಲಿ ಉಳಿದ ರಕ್ತದ ಗಡ್ಡೆಯನ್ನೂ ಚೆಲ್ಲುವುದಿಲ್ಲ. ರೋಗಿಯ ಸ್ಥಿತಿ ಕಾಯಲು ಬಿಡುವಂತಿದ್ದರೆ, ಬಯಾಪ್ಸಿಗೆ ಮುನ್ನ ಆಂಟಿಬಯಾಟಿಕ್ ಕೊಡಬೇಡಿ ಎಂದು ವಾರ್ಡಿಗೆ ಫೋನ್ ಮಾಡುತ್ತೇನೆ. ಫಾರ್ಮಾಲಿನ್ ಬಾಟಲಿ, ಆ ಮೊದಲ ತುಣುಕು ಸಲೈನ್ ಬಾಟಲಿಗೆ ಸೇರುವವರೆಗೂ, ಮುಚ್ಚಳ ಹಾಕಿದಂತೆಯೇ ಕೋಣೆಯ ಆಚೆ ಬದಿಯ ಮೇಜಿನ ಮೇಲಿರುತ್ತದೆ.