ಪತ್ತೇದಾರನಿಂದ ಆಗದ ಕೆಲಸಗಳು

ಅಂಧೇರಿಯ ಒಂದು ನಿರ್ಮಾಣ ಸಂಸ್ಥೆಯಲ್ಲಿ ಅಪರಾಧ ಸರಣಿಗಳ ಚಿತ್ರಕಥೆಗಳನ್ನು ಓದಿ, ಕಾನೂನಿಗೂ ಕಾಲಕ್ಕೂ ಹೊಂದದ ಸಂಗತಿಗಳನ್ನು ಗುರುತು ಹಾಕಿಕೊಡುವುದು ನನ್ನ ಕೆಲಸ. ಸದ್ಯ ಕೈಯಲ್ಲಿರುವುದು ಕಂತಿಗೊಂದು ಕಥೆಯಿರುವ ನ್ವಾರ್ ಸರಣಿ, ಅಂದರೆ ಅಪರಾಧ ಲೋಕದ ಕರಾಳ ಕಥೆಗಳದ್ದು. ಮಾದರಿಗೆಂದು ನಾವೆಲ್ಲ ಕುಳಿತು ನೋಡಿದ್ದು 1993ರಲ್ಲಿ ಅಮೆರಿಕದ ಷೋಟೈಮ್ ವಾಹಿನಿಯಲ್ಲಿ ಆರಂಭವಾದ ‘ಫಾಲನ್ ಏಂಜಲ್ಸ್’. ಅಲ್ಲಿ ಲಾಸ್ ಏಂಜಲೀಸ್‌ನ ಗ್ಯಾಂಗ್‌ಸ್ಟರ್‌ಗಳೂ ಪತ್ತೇದಾರರೂ ಅರ್ಧ ಗಂಟೆಯಲ್ಲಿ ಬಂದು ಮುಗಿದುಹೋಗುತ್ತಾರೆ. ಅಷ್ಟು ಅವಧಿಯಲ್ಲಿ ಪತ್ತೇದಾರನ ಪೂರ್ವಕಥೆಗೆ ಜಾಗವಿರುವುದಿಲ್ಲ. ಅವನಿಂದ ಏನು ಸಾಧ್ಯವಿಲ್ಲ ಎಂಬುದು ಮೊದಲೇ ತಿಳಿದರೆ ಮಾತ್ರ ಪಾತ್ರ ನಿಲ್ಲುತ್ತದೆ.

ಮುಂಬಯಿಯ ಪತ್ತೇದಾರನಿಗೆ ಸಾಧ್ಯವಿಲ್ಲದ್ದು ಬಹಳ. ಕಟ್ಟಡಕ್ಕೆ ವಾಚ್‌ಮನ್‌ನನ್ನು ಒದಗಿಸುವ ಸಂಸ್ಥೆಗೂ 2005ರ ಕಾಯ್ದೆಯಂತೆ ಪರವಾನಗಿ ಬೇಕು. ಪತ್ತೇದಾರಿ ಸಂಸ್ಥೆಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಮಸೂದೆ ಮಾತ್ರ ಕಾಯ್ದೆಯಾಗಲೇ ಇಲ್ಲ. ಹಾಗಾಗಿ ಅವನಿಗೆ ಪೊಲೀಸರಂತೆ ಬಂಧಿಸುವ, ಮನೆ ಶೋಧಿಸುವ ಅಧಿಕಾರ ಯಾವುದೂ ಇಲ್ಲ. ಆದರೂ ನನ್ನ ಮೇಜಿಗೆ ಬರುವ ಚಿತ್ರಕಥೆಗಳಲ್ಲಿ ಆತ ಸ್ನೇಹಿತನೊಬ್ಬನಿಗೆ ಕರೆ ಮಾಡಿ ಯಾರದೋ ಫೋನಿನ ಕರೆ ವಿವರವನ್ನು ಸಲೀಸಾಗಿ ತರಿಸಿಕೊಳ್ಳುತ್ತಾನೆ. ಇಂಥ ವಿವರಗಳ ಅಕ್ರಮ ಮಾರಾಟಕ್ಕೆ ಸಂಬಂಧಿಸಿ 2018ರಲ್ಲಿ ಥಾಣೆ ಪೊಲೀಸರು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು ಎಂದು ಅಂಚಿನಲ್ಲಿ ಬರೆದು ಒಂದು ಕಥೆಯನ್ನು ಹಿಂದಿರುಗಿಸಿದೆ. “ಹಾಗಾದರೆ ಅವನು ಮಾಡುವುದಾದರೂ ಏನು ಸರ್?” ಎಂದು ಬರೆದವರು ಸಿಟ್ಟಿನಿಂದಲೇ ಕೇಳಿದರು.

ತಿದ್ದಿ ತಂದ ದೃಶ್ಯ ಮೊದಲಿನದಕ್ಕಿಂತ ಎಷ್ಟೋ ಮೇಲಾಗಿತ್ತು. ಪತ್ತೇದಾರ ಮಾಟುಂಗಾದ ಒಂದು ಕಟ್ಟಡದ ಕೆಳಗೆ ಇಸ್ತ್ರಿಯವನ ಬಳಿ ಅಂಗಿ ಕೊಟ್ಟು ಕಾಯುತ್ತಾನೆ. ಹಲಗೆಯ ಮೇಲೆ ಮನೆಗೊಂದರಂತೆ ಬಟ್ಟೆಯ ಗಂಟುಗಳಿವೆ. ಎರಡನೆಯ ಮಹಡಿಯ ಗೃಹಸ್ಥನ ನೀಲಿ ಪಟ್ಟೆಯ ಅಂಗಿ ನಾಲ್ಕನೆಯ ಮಹಡಿಯ ಗಂಟಿನಲ್ಲಿದೆ. ಒಂದು ಮಾತೂ ಇಲ್ಲದೆ ಕಥೆ ತಿರುಗುತ್ತದೆ.

ಗ್ಯಾಂಗ್‌ಸ್ಟರ್‌ಗಳ ವಿಷಯ ಬಂದರೆ, 1982ರ ಗಿರಣಿ ಮುಷ್ಕರದ ನಂತರ ಕೆಲಸವಿಲ್ಲದೆ ಉಳಿದ ಮನೆಗಳ ಹುಡುಗರನ್ನು ಗ್ಯಾಂಗ್‌ಗಳು ಸೆಳೆದುಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ, ಅದನ್ನು ಬರಹಗಾರರೂ ಮರೆಯುವುದಿಲ್ಲ. ಅವರು ಎಡವುವುದು ಬೆದರಿಕೆಯ ಮಾತಿನಲ್ಲಿ. ತೊಂಬತ್ತರ ದಶಕದಲ್ಲಿ ಹೋಟೆಲ್ ನಡೆಸುತ್ತಿದ್ದ ಉಡುಪಿ ಕಡೆಯ ಹಿರಿಯರೊಬ್ಬರನ್ನು ವಿಚಾರಿಸಿದಾಗ ಅವರು ಹೇಳಿದ್ದನ್ನು ನಾನು ಈಗ ಎಲ್ಲರಿಗೂ ಓದಿಸುತ್ತೇನೆ: “ಗಲ್ಲಾದ ಫೋನಿಗೆ ಕರೆ ಬರ್ತಿತ್ತು. ಅವ ಕೂಗಾಡ್ಲಿಕ್ಕಿಲ್ಲ ಮಾರಾಯ್ರೇ, ಊಟ ಆಯ್ತಾ ಸೇಠ್ ಅಂತ ಕೇಳುವುದು. ಮತ್ತೆ ನಮಗೆ ಊಟ ಸೇರ್ಲಿಕ್ಕುಂಟಾ?”

ಕೊನೆಯ ದೃಶ್ಯದಲ್ಲಿ ಕೊಲೆಗಾರ ಇನ್‌ಸ್ಪೆಕ್ಟರ್ ಎದುರು ತಪ್ಪೊಪ್ಪಿಕೊಳ್ಳುವುದು ನಿರ್ದೇಶಕರಿಗೆ ಬಲು ಪ್ರಿಯ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಂಘಟಿತ ಅಪರಾಧಕ್ಕೆ ಅನ್ವಯಿಸುವ 1999ರ ಮಹಾರಾಷ್ಟ್ರದ ಕಾಯ್ದೆಯಲ್ಲಿ ಒಪ್ಪಬಹುದಾದರೂ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ಅದನ್ನು ದಾಖಲಿಸಬೇಕು. ಖಾಸಗಿ ವ್ಯಕ್ತಿಯ ಮುಂದೆ ಆಡಿದ ಮಾತನ್ನಾದರೆ, ದುರ್ಬಲ ಸಾಕ್ಷ್ಯವೆಂದೇ ಆದರೂ, ನ್ಯಾಯಾಲಯ ಪರಿಗಣಿಸಬಹುದು. ಇದನ್ನು ವಿವರಿಸಿದ ಮೇಲೆ ಇನ್‌ಸ್ಪೆಕ್ಟರ್ ಪಾತ್ರವೇ ಹೋಯಿತು. ಈಗ ಕೊಲೆಗಾರ ಪತ್ತೇದಾರನ ಮುಂದೆ ಎಲ್ಲವನ್ನೂ ಹೇಳಿಬಿಡುತ್ತಾನೆ. ಪತ್ತೇದಾರ ಸಾಕ್ಷಿಕಟ್ಟೆ ಹತ್ತಿದ ಕೂಡಲೇ ಎದುರು ಪಕ್ಷದ ವಕೀಲರು ಅವನಿಗೆ ಶುಲ್ಕ ಕೊಟ್ಟವರು ಯಾರು ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತಾರೆ.