ಲಕ್ಕುಂಡಿಯಲ್ಲಿ ಮೂರು ನಿಮಿಷ

ಹುಬ್ಬಳ್ಳಿಯಿಂದ ಹೊರಟಾಗ ನಾವು ಒಂಬತ್ತು ಮಂದಿ. ಗದಗಿನಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ಕೈ ತೊಳೆಯುವಷ್ಟರಲ್ಲಿ ಕಾಕಾ ನಮ್ಮನ್ನು ನಾಲ್ವರು, ಮೂವರು, ಇಬ್ಬರು ಎಂದು ಒಡೆದಿದ್ದರು. ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಮೂವತ್ತು ವರ್ಷ ಕ್ಯಾಡಿಯಾಗಿ ಸಾಹೇಬರ ಚೀಲ ಹೊತ್ತವರು ಅವರು; ಅಲ್ಲಿ ಒಂದು ಗುಂಪಿಗೆ ನಾಲ್ವರೇ ಮಿತಿ. ಮದುವೆಯ ಪಂಕ್ತಿಯಲ್ಲೂ ಹಿಂದೆ ಯಾರು ಕಾಯುತ್ತಿದ್ದಾರೆಂದು ತಿರುಗಿ ನೋಡುತ್ತಾರೆ.

“ನಾನೊಬ್ಬನೇ ಸುತ್ತುತ್ತೇನೆ ಕಾಕಾ,” ಎಂದೆ.

“ಹಳೆಯ ನಿಯಮದಲ್ಲಿ ಒಂಟಿ ಆಟಗಾರನಿಗೆ ಹಕ್ಕೇ ಇರಲಿಲ್ಲ ತಮ್ಮಾ. ಬಂದವರಿಗೆಲ್ಲ ದಾರಿ ಬಿಡುತ್ತ ನಿಲ್ಲಬೇಕಿತ್ತು.”

ಹೀಗೆ ನಾನು ಅವರ ಜೋಡಿಯಾದೆ.

ಲಕ್ಕುಂಡಿಗೆ ಇನ್ನು ಸುಮಾರು 12 ಕಿಲೋಮೀಟರ್. ಬಸ್ಸಿನಲ್ಲಿ ಕಾಕಾ ಲೆಕ್ಕ ಬಿಡಿಸಿದರು. ನಾಲ್ವರು ನಾಲ್ಕು ಚೆಂಡು ಆಡಿದರೆ 18 ಕುಳಿಗೆ ನಾಲ್ಕು ತಾಸು ಮೀರುತ್ತದೆ, ಇಬ್ಬರಾದರೆ ಮೂರರ ಹತ್ತಿರ. 1744ರಲ್ಲಿ ಗಾಲ್ಫಿನ 13 ನಿಯಮ ಬರೆದಿಟ್ಟ ಎಡಿನ್‌ಬರೋ ಸಂಘದ ಮೈದಾನ ಈಗ ಮ್ಯೂರ್‌ಫೀಲ್ಡಿನಲ್ಲಿದೆ. ಅಲ್ಲಿನ ಸದಸ್ಯರಿಗೆ ಪ್ರಿಯವಾದದ್ದು ಫೋರ್‌ಸಮ್ಸ್: ನಾಲ್ವರಿದ್ದರೂ ಚೆಂಡು ಎರಡೇ, ಜೋಡಿಯವರು ಸರದಿಯಂತೆ ಒಂದೊಂದು ಹೊಡೆತ. ಒಬ್ಬ ಹೊಡೆಯುವಾಗ ಇನ್ನೊಬ್ಬ ಆಗಲೇ ಮುಂದೆ ನಡೆದಿರುತ್ತಾನೆ.

ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮನನ್ನು ಕಂಡು ಕಾಕಾ ಹಿಗ್ಗಿದರು. “ನೋಡು, ನಾಲ್ವರು! ಆದರೆ ಜಾಗ ಒಬ್ಬನದೇ.” 1007ರ ಶಾಸನವನ್ನು ನೆನಪಿಸಲು ನಾನು ಬಾಯಿ ತೆರೆದೆ. ಅವರು ಗಡಿಯಾರ ತೋರಿಸಿದರು.

ಕಾಶಿವಿಶ್ವನಾಥ ಗುಡಿಯಲ್ಲಿ ಕಾಕುವಿನ ಬೆಂಡೋಲೆಯ ತಿರುಪು ಬಿತ್ತು. ಒಂಬತ್ತೂ ಜನ ಬಗ್ಗಿದೆವು.

“ಮೂರು ನಿಮಿಷ,” ಎಂದರು ಕಾಕಾ. “ಗಾಲ್ಫಿನಲ್ಲಿ ಚೆಂಡು ಹುಡುಕಲು ಈಗ ಅಷ್ಟೇ, 2019ಕ್ಕೆ ಮೊದಲು ಐದಿತ್ತು. ಅಷ್ಟರಲ್ಲಿ ಸಿಗದಿದ್ದರೆ ಚೆಂಡು ಕಳೆದ ಹಾಗೆಯೇ.”

“ಇದು ಚೆಂಡಲ್ಲ, ಬಂಗಾರ!”

ಕಾಕು ಕದಲಲಿಲ್ಲ. ಎದುರಿನ ಸೂರ್ಯನ ಗುಡಿಯ ಹೊಸ್ತಿಲ ಬಳಿ ತಿರುಪು ಸಿಕ್ಕಾಗ ಅರ್ಧ ತಾಸು ಕಳೆದಿತ್ತು. ನನಗಂತೂ ಲಾಭವೇ ಆಯಿತು. ಕಡೆದಿಟ್ಟ ಮರದಂತೆ ನುಣುಪಾದ ಆ ಬಳಪದ ಕಲ್ಲಿನ ಕಂಬಗಳನ್ನು, ಬಾಗಿಲವಾಡದ ಪಟ್ಟಿ ಪಟ್ಟಿ ಕೆತ್ತನೆಯನ್ನು ಯಾರ ಗಡಿಯಾರದ ಹಂಗೂ ಇಲ್ಲದೆ ನೋಡಿದೆ.

ಕೊನೆಗೆ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಕಾಕಾ ಇಳಿದವರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಮೆಟ್ಟಿಲ ಬದಿಯ ಪುಟ್ಟ ಪುಟ್ಟ ಗೂಡುಗಳನ್ನು ಎಣಿಸುತ್ತಾರೆ, ತಪ್ಪುತ್ತದೆ, ಮತ್ತೆ ಮೊದಲಿನಿಂದ. ನಮ್ಮ ನಾಲ್ವರ ಗುಂಪು ಬಂದು ಹೋಯಿತು, ಮೂವರದೂ ಹೋಯಿತು. ಎಷ್ಟು ನಿಮಿಷವಾಯಿತೆಂದು ಕೇಳುವ ಆಸೆಯನ್ನು ನುಂಗಿಕೊಂಡೆ.

ಅಷ್ಟರಲ್ಲಿ ಮೇಲೆ ಗದ್ದಲ. ಯಾವುದೋ ಶಾಲೆಯ ಮಕ್ಕಳು, ನಲವತ್ತಕ್ಕೆ ಕಡಿಮೆಯಿಲ್ಲ. ಕಾಕಾ ಥಟ್ಟನೆ ಎದ್ದು ಗೋಡೆಗೆ ಒತ್ತಿ ನಿಂತು, ಕೈ ಎತ್ತಿ ಬೀಸಿ ಅವರನ್ನು ಮುಂದೆ ಬಿಟ್ಟರು.

“ನಾಲ್ವರ ಮಿತಿ?” ಎಂದೆ.

“ನಿಧಾನ ಮಾಡಿದ್ದು ನಾನು,” ಎಂದು, ಕೊನೆಯ ಹುಡುಗಿ ದಾಟಿದ ಮೇಲೆ ಮತ್ತೆ ಕುಳಿತರು. “ಎಷ್ಟಕ್ಕೆ ನಿಲ್ಲಿಸಿದ್ದೆ ತಮ್ಮಾ?”

ಒಂದೂವರೆಯ ಬಸ್ಸು ತಪ್ಪಿತು.